ಪತ್ತೇದಾರಿ ಗೇಮ್‌ನಲ್ಲಿ ಸಿಕ್ಕಿಕೊಂಡರೆ ತಪ್ಪು ಯಾರದ್ದು? ಒಗಟಿನ ಹಿಂದಿನ ಲೆಕ್ಕಾಚಾರ ಇಲ್ಲಿದೆ

ತಿಪಟೂರು: ಕೊಲೆ ಆಗಿದೆ, ಸುಳಿವು ಹುಡುಕಬೇಕು, ಕೊಲೆಗಾರ ಯಾರು ಅಂತ ಹೇಳಬೇಕು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕಾದಂಬರಿಗಳನ್ನು ಓದಿ ಬೆಳೆದವರಿಗೆ ಈ ರುಚಿ ಹೊಸದಲ್ಲ. ಈಗ ಅದೇ ರುಚಿ ಗೇಮ್ ಆಗಿ ಮಕ್ಕಳ ಕೈಯಲ್ಲಿರುವ ಮೊಬೈಲ್‌ಗೆ ಬಂದಿದೆ. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಕಾದಂಬರಿಯಲ್ಲಿ ಸುಳಿವು ಹೊಳೆಯದಿದ್ದರೂ ಪುಟ ತಿರುವಿದರೆ ಕತೆ ಮುಂದೆ ಹೋಗುತ್ತೆ. ಗೇಮ್‌ನಲ್ಲಿ ಒಗಟು ಬಿಡಿಸದೆ ಕತೆ ಕದಲೋದೇ ಇಲ್ಲ.

ಅಲ್ಲಿ ಸಿಕ್ಕಿಕೊಂಡ ಹುಡುಗ್ರು 'ನಂಗೆ ತಲೆ ಓಡ್ತಿಲ್ಲ' ಅಂತ ಸಿಡಿಮಿಡಿ ಆಗ್ತಾರೆ, ಇಲ್ಲವೇ ಅಪ್ಪನ ಫೋನ್‌ನಲ್ಲಿ 'ಹಿಂಟ್' ಬಟನ್ ಒತ್ತುತ್ತಾರೆ. ಆದರೆ ಎಷ್ಟೋ ಸಲ ತಪ್ಪು ಆಡುವವರದ್ದಲ್ಲ, ಒಗಟು ಕಟ್ಟಿದವರದ್ದು. ಅದನ್ನು ಗುರುತಿಸೋದು ಹೇಗೆ?

ಮೊದಲೇ ಆದ ತಪ್ಪು, ಕೊನೆಗೆ ಗೊತ್ತಾಗೋದು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸರಿಯಾಗಿ ಬಲಿಯದ ಕಾಯಿಯನ್ನು ಅಟ್ಟಕ್ಕೆ ಹಾಕಿದರೆ ಆ ದಿನ ಏನೂ ತಿಳಿಯಲ್ಲ. ತಿಂಗಳುಗಟ್ಟಲೆ ಕಾದು, ಒಡೆದು ನೋಡಿದಾಗ ಕೊಬ್ಬರಿ ಸೊರಗಿರುತ್ತೆ. ಅಷ್ಟೊತ್ತಿಗೆ ಸರಿಪಡಿಸುವ ಕಾಲ ಮುಗಿದಿರುತ್ತೆ.

ಹಳೆಯ ಸಾಹಸ ಗೇಮ್‌ಗಳಲ್ಲೂ ಹೀಗೇ ಆಗುತ್ತಿತ್ತು. ಅಮೆರಿಕದ ಸಿಯೆರಾ ಕಂಪನಿ 1990ರಲ್ಲಿ ತಂದ 'ಕಿಂಗ್ಸ್ ಕ್ವೆಸ್ಟ್ 5' ಆಟದಲ್ಲಿ ನಾಯಕನ ಕೈಗೆ ಒಂದು ಸಿಹಿ ಪೈ ಸಿಗುತ್ತೆ. ಹಸಿವಾದಾಗ ಅದನ್ನು ತಿಂದರೆ ಆಟ ಬೇಡ ಅನ್ನಲ್ಲ. ಮುಂದೆ ಹಿಮಮಾನವ ಅಡ್ಡ ಬಂದಾಗ ಅವನ ಮುಖಕ್ಕೆ ಎಸೆಯಲು ಬೇಕಾಗಿದ್ದುದು ಅದೇ ಪೈ. ತಿಂದವರಿಗೆ ದಾರಿ ಮುಚ್ಚಿತು. ಹಳೆಯ 'ಸೇವ್' ಇಲ್ಲದಿದ್ದರೆ ಮೊದಲಿಂದ ಶುರು ಮಾಡಬೇಕು.

ಇನ್ಫೋಕಾಂ ಕಂಪನಿಯ 'ಡೆಡ್‌ಲೈನ್' (1982) ಪೂರ್ತಿ ಅಕ್ಷರದಲ್ಲೇ ಇದ್ದ ಪತ್ತೇದಾರಿ ಆಟ. ಶ್ರೀಮಂತನೊಬ್ಬನ ಸಾವಿನ ಗುಟ್ಟನ್ನು ಆಟದ ಲೆಕ್ಕದ 12 ಗಂಟೆಯೊಳಗೆ ಬಿಡಿಸಬೇಕು. ಮನೆಯವರು ತಮ್ಮ ತಮ್ಮ ಹೊತ್ತಿಗೆ ಓಡಾಡುತ್ತಿರುತ್ತಾರೆ. ಬೇಕಾದ ಹೊತ್ತಿಗೆ ಬೇಕಾದ ಕೋಣೆಯಲ್ಲಿ ಇಲ್ಲದಿದ್ದರೆ ಸುಳಿವು ಕೈತಪ್ಪುತ್ತೆ. ಏನು ತಪ್ಪಿತು ಅಂತ ಯಾರೂ ಹೇಳಲ್ಲ.

ಇದಕ್ಕೆ ಹೋಲಿಸಿದರೆ ಸಿಯೆರಾದ್ದೇ 'ಪೊಲೀಸ್ ಕ್ವೆಸ್ಟ್' (1987) ವಾಸಿ. ಅದನ್ನು ರೂಪಿಸಿದ ಜಿಮ್ ವಾಲ್ಸ್ ಸ್ವತಃ ಪೊಲೀಸ್ ಕೆಲಸದಲ್ಲಿದ್ದವರು. ಆಟದಲ್ಲಿ ಗಸ್ತು ಕಾರು ಹತ್ತುವ ಮುಂಚೆ ಅದರ ಸುತ್ತ ಒಮ್ಮೆ ನಡೆದು ಪರೀಕ್ಷಿಸಬೇಕು. ಪರೀಕ್ಷಿಸದೆ ಹೊರಟರೆ ಟೈರ್ ಗಾಳಿ ಹೋಗಿ ಆಟ ಮುಗಿಯುತ್ತೆ. ಕಠಿಣ ನಿಜ, ಆದರೆ ತಪ್ಪು ಅಲ್ಲೇ ಗೊತ್ತಾಗುತ್ತೆ.

ಯಾರೂ ಊಹಿಸಲಾಗದ ಉತ್ತರ

ಎರಡನೇ ಬಗೆಯ ಸಿಕ್ಕಿಗೆ 'ಗೇಬ್ರಿಯಲ್ ನೈಟ್ 3' (1999) ಹೆಸರುವಾಸಿ. ಫ್ರಾನ್ಸ್‌ನ ಒಂದು ಹಳ್ಳಿಯಲ್ಲಿ ನಾಯಕನಿಗೆ ಗೆಳೆಯನ ಹೆಸರಲ್ಲಿ ಬಾಡಿಗೆ ಮೋಟರ್‌ಬೈಕ್ ಬೇಕು, ಅಂದರೆ ವೇಷ ಹಾಕಬೇಕು. ಅದಕ್ಕೆ ಶೆಡ್ಡಿನ ಬಾಗಿಲ ಕಿಂಡಿಗೆ ಅಂಟುಪಟ್ಟಿ ಹಚ್ಚಿ, ಬೆಕ್ಕಿಗೆ ನೀರು ಚಿಮುಕಿಸಿ ಅದೇ ಕಿಂಡಿಯಲ್ಲಿ ಓಡಿಸಿ, ಅಂಟಿಕೊಂಡ ಕೂದಲನ್ನು ಸಿರಪ್‌ನಿಂದ ಮೂತಿಗೆ ಮೆತ್ತಿ ಮೀಸೆ ಮಾಡಬೇಕು. ತಮಾಷೆ ಏನೆಂದರೆ, ಆ ಗೆಳೆಯನಿಗೆ ಮೀಸೆಯೇ ಇಲ್ಲ! ಹಾಗಾಗಿ ಅವನ ಪಾಸ್‌ಪೋರ್ಟ್ ಫೋಟೋಗೂ ಪೆನ್ನಿನಿಂದ ಮೀಸೆ ಬಿಡಿಸಬೇಕು. ಇದರಲ್ಲಿ ಪತ್ತೇದಾರಿಕೆ ಎಲ್ಲೂ ಇಲ್ಲ. ಇರೋದು ಒಗಟು ಕಟ್ಟಿದವರ ಮನಸ್ಸಲ್ಲಿ ಏನಿದೆ ಅಂತ ಕಣಿ ಹೇಳುವ ಕೆಲಸ.

ಭಾಷೆಯೂ ಬಲೆ ಆಗಬಹುದು. 'ಮಂಕಿ ಐಲ್ಯಾಂಡ್ 2' (1991) ಆಟದಲ್ಲಿ ಪಂಪು ತಿರುಗಿಸಲು ಸ್ಪ್ಯಾನರ್ ಇಲ್ಲ, ಒಂದು ಕೋತಿಯನ್ನೇ ಸ್ಪ್ಯಾನರ್‌ನಂತೆ ಬಳಸಬೇಕು. ಯಾಕಂದ್ರೆ ಅಮೆರಿಕದಲ್ಲಿ ಆ ಸಲಕರಣೆಗೆ 'ಮಂಕಿ ರೆಂಚ್' ಅಂತಾರೆ. ಆ ಮಾತು ಬಳಸದ ಊರಿನವರಿಗೆ ಇದು ಹೊಳೆಯೋದಾದರೂ ಹೇಗೆ? ಇಂಗ್ಲಿಷ್ ಗೇಮ್‌ನಲ್ಲಿ ಸಿಕ್ಕಿಕೊಂಡ ಕನ್ನಡ ಶಾಲೆಯ ಮಗುವಿಗೆ ಬುದ್ಧಿ ಕಮ್ಮಿ ಅಂತ ಅಲ್ಲ, ಆ ಒಗಟು ಅದರ ಭಾಷೆಯಲ್ಲಿ ಇಲ್ಲ ಅಷ್ಟೇ.

ಸಿಕ್ಕಿಸೋದೇ ವ್ಯಾಪಾರ

ಸಿಕ್ಕಿಕೊಂಡವರಿಂದ ಕಾಸು ಹುಟ್ಟುತ್ತೆ ಅನ್ನೋದು ಕಂಪನಿಗಳಿಗೆ ಬೇಗನೇ ತಿಳಿಯಿತು. ಇನ್ಫೋಕಾಂ ಕಾಣದ ಮಸಿಯಲ್ಲಿ ಉತ್ತರ ಅಚ್ಚು ಹಾಕಿದ ಪುಸ್ತಕಗಳನ್ನು ಮಾರಿತು. ವಿಶೇಷ ಪೆನ್ನು ಉಜ್ಜಿದರೆ ಅಕ್ಷರ ಮೂಡುತ್ತಿತ್ತು. ಸಿಯೆರಾ ಸುಳಿವಿನ ಪುಸ್ತಕದ ಜೊತೆಗೆ ದುಡ್ಡು ಕೊಟ್ಟು ಕೇಳುವ ಫೋನ್ ಲೈನನ್ನೂ ಇಟ್ಟಿತ್ತು.

ಮೊಬೈಲ್ ಕಾಲದಲ್ಲಿ ಲೆಕ್ಕ ಇನ್ನೂ ನೇರ. ಫ್ರಾನ್ಸ್‌ನ ಕಂಪನಿಯೊಂದು 2012ರಲ್ಲಿ ಫೇಸ್‌ಬುಕ್‌ಗೆ ತಂದು, ಆಮೇಲೆ ಮೊಬೈಲ್‌ಗೂ ಕೊಟ್ಟ 'ಕ್ರಿಮಿನಲ್ ಕೇಸ್' ಆಟವನ್ನೇ ನೋಡಿ. ಸ್ಥಳ ಮಹಜರು ಮಾಡಲು 'ಎನರ್ಜಿ' ಖರ್ಚಾಗುತ್ತೆ. ಲ್ಯಾಬ್ ವರದಿಗೆ ಕಾಯಬೇಕು. ಕಾಯಲು ಆಗದವರು ದುಡ್ಡು ಕೊಟ್ಟು ಮುಂದೆ ಹೋಗಬಹುದು. ಒಗಟು ಸುಲಭವೇ, ಕಷ್ಟ ಇರೋದು ಕಾಯೋದರಲ್ಲಿ. ಜಾಹೀರಾತು ನೋಡಿದರೆ ಒಂದು ಹಿಂಟ್ ಅನ್ನುವ ಪುಕ್ಕಟೆ ಗೇಮ್‌ಗಳದ್ದೂ ಇದೇ ಜಾಡು.

ಸರಿ ಮಾಡಿದವರೂ ಇದ್ದಾರೆ

ಗೇಮ್ ರೂಪಿಸುತ್ತಿದ್ದ ರಾನ್ ಗಿಲ್ಬರ್ಟ್ 1989ರಲ್ಲೇ ಇಂಥ ದೋಷಗಳ ಮೇಲೆ ಒಂದು ಲೇಖನ ಬರೆದರು. ಮರುವರ್ಷ ಬಂದ ಅವರ 'ಸೀಕ್ರೆಟ್ ಆಫ್ ಮಂಕಿ ಐಲ್ಯಾಂಡ್' ಆಟದಲ್ಲಿ ದಾರಿ ಮುಚ್ಚಿಹೋಗದಂತೆ ನೋಡಿಕೊಂಡರು. ಆದರೂ ಮೇಲೆ ಹೇಳಿದ ಕೋತಿಯ ಒಗಟು ಅದರ ಮುಂದಿನ ಭಾಗದ್ದೇ. ಬಲ್ಲವರಿಗೂ ಇದು ಸುಲಭವಲ್ಲ.

'ಎಲ್.ಎ. ನ್ವಾರ್' (2011) ಆಟದಲ್ಲಿ ವಿಚಾರಣೆ ತಪ್ಪಿದರೂ ಕೇಸು ನಿಲ್ಲಲ್ಲ, ಅಂಕ ಕಡಿಮೆ ಬರುತ್ತೆ ಅಷ್ಟೇ. 'ರಿಟರ್ನ್ ಆಫ್ ದಿ ಓಬ್ರಾ ಡಿನ್' (2018) ಆಟದಲ್ಲಿ ಹಡಗಿನಲ್ಲಿದ್ದ 60 ಜನರ ಹೆಸರು, ಅವರಿಗೆ ಏನಾಯ್ತು ಅನ್ನೋದನ್ನು ಪತ್ತೆ ಮಾಡಬೇಕು. ಮೂವರದು ಸರಿಯಾದಾಗ ಮಾತ್ರ ಆಟ 'ಸರಿ' ಅನ್ನುತ್ತೆ. ಹಾಗಾಗಿ ಸುಮ್ಮನೆ ಗುರಿಯಿಲ್ಲದೆ ಕಲ್ಲು ಹೊಡೆದರೆ ಉಪಯೋಗವಿಲ್ಲ. ಆದರೆ ಒಬ್ಬರದು ಗೊತ್ತಾಗದಿದ್ದರೆ ಇನ್ನೊಬ್ಬರದು ನೋಡಬಹುದು. ಕಷ್ಟ ಇದೆ, ಅನ್ಯಾಯ ಇಲ್ಲ.

ಮನೆಯವರು, ಅಂಗಡಿಯವರು ಗಮನಿಸಿ

- ಉತ್ತರ ನೋಡಿದ ಮೇಲೆ ಮಗು 'ಅಯ್ಯೋ, ಹೊಳೀಲೇ ಇಲ್ವಲ್ಲ' ಅಂದರೆ ಒಗಟು ಒಳ್ಳೇದು. 'ಇದನ್ನ ಯಾರು ಊಹಿಸ್ತಾರೆ' ಅಂದರೆ ದೋಷ ಗೇಮ್‌ನದು. ಬಿಟ್ಟು ಬೇರೆ ಆಡಿದರೆ ಸೋಲಲ್ಲ.
- ಹಳೆಯ ಗೇಮ್‌ಗಳಲ್ಲಿ ಒಂದೇ 'ಸೇವ್' ನಂಬಬೇಡಿ. ಬೇರೆ ಬೇರೆ ಹಂತದಲ್ಲಿ ನಾಲ್ಕೈದು ಇಟ್ಟುಕೊಳ್ಳಿ.
- ಹಿಂಟ್ ಬೇಕಾದರೆ ಮೊದಲು ಮನೆಯವರನ್ನೋ ಗೆಳೆಯರನ್ನೋ ಕೇಳಲಿ. ಇಬ್ಬರು ಕೂತು ನೋಡಿದರೆ ಎಷ್ಟೋ ಒಗಟು ಬಿಡುತ್ತೆ.
- ಅಂಗಡಿಯ ಯುಪಿಐ ಇರುವ ಫೋನನ್ನೇ ಮಕ್ಕಳಿಗೆ ಕೊಡುವುದಾದರೆ, ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಸೆಟ್ಟಿಂಗ್ ಮಾಡಿ. ಪಿನ್ ಹೇಳಿಕೊಡಬೇಡಿ. ತಿಳಿಯದೆ ಖರೀದಿ ಆಗಿದ್ದರೆ 48 ಗಂಟೆಯೊಳಗೆ ಗೂಗಲ್ ಪ್ಲೇಯಲ್ಲಿ ಹಣ ವಾಪಸ್ ಕೇಳಿ.
- 'ಎಷ್ಟು ಬೇಕಾದರೂ ಹಿಂಟ್ ಫ್ರೀ' ಅನ್ನುವ ಲಿಂಕ್‌ನಿಂದ ಆ್ಯಪ್ ಹಾಕಿಕೊಳ್ಳಬೇಡಿ. ಖಾತೆಯಿಂದ ಹಣ ಹೋದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.