ವಾಹನದ ನಕ್ಷೆಯೂ ಒಂದು ಲೆಕ್ಕದ ಪುಸ್ತಕ: ಕಾಲಕಾಲಕ್ಕೆ ತಾಳೆ ನೋಡಬೇಕು

ವರ್ಷಾಂತ್ಯದಲ್ಲಿ ದಾಸ್ತಾನು ಎಣಿಸದ ವರ್ತಕನಿಲ್ಲ. ಬ್ಯಾಂಕಿನ ಪಾಸ್‌ಪುಸ್ತಕದೊಡನೆ ನಗದು ಪುಸ್ತಕವನ್ನು ತಾಳೆ ನೋಡದ ಗುಮಾಸ್ತನೂ ಇಲ್ಲ. ಆದರೆ ಲಕ್ಷಾಂತರ ರೂಪಾಯಿ ಕೊಟ್ಟು ಕೊಂಡ ಕಾರಿನಲ್ಲಿ ಕಂಪನಿಯೇ ಅಳವಡಿಸಿ ಕೊಟ್ಟಿರುವ ದಾರಿಸೂಚಕ ನಕ್ಷೆಯನ್ನು ಕೊಂಡ ದಿನದಿಂದ ಇಂದಿನವರೆಗೆ ಒಮ್ಮೆಯೂ ನವೀಕರಿಸದವರು ನಮ್ಮಲ್ಲಿ ಬಹುಮಂದಿ ಇದ್ದಾರೆ. ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ವರ್ತಕರಿಗೆ ಈ ಉದಾಸೀನ ಉಳಿದವರಿಗಿಂತ ಹೆಚ್ಚು ದುಬಾರಿಯಾಗಬಲ್ಲದು. ನಮ್ಮ ರಸ್ತೆಗಳು ಎರಡು ರಾಜ್ಯಗಳ ಗಡಿಯನ್ನು ಮತ್ತೆ ಮತ್ತೆ ದಾಟುವುದೇ ಇದಕ್ಕೆ ಕಾರಣ.

ಉಪಗ್ರಹ ಬೇರೆ, ನಕ್ಷೆ ಬೇರೆ

ಮೊದಲು ಒಂದು ತಪ್ಪು ಕಲ್ಪನೆಯನ್ನು ನಿವಾರಿಸಿಕೊಳ್ಳಬೇಕು. ಆಕಾಶದಲ್ಲಿರುವ ಜಿಪಿಎಸ್ ಅಥವಾ ನಮ್ಮ ದೇಶದ ನಾವಿಕ್ ಉಪಗ್ರಹಗಳು ದಾರಿಯನ್ನು ತೋರಿಸುವುದಿಲ್ಲ. ವಾಹನವು ಭೂಮಿಯ ಮೇಲೆ ಯಾವ ಬಿಂದುವಿನಲ್ಲಿದೆ ಎಂಬುದನ್ನು ಗೊತ್ತುಪಡಿಸಲು ಬೇಕಾದ ಸಂಕೇತವನ್ನಷ್ಟೇ ಅವು ಕಳುಹಿಸುತ್ತವೆ. ಆ ಬಿಂದುವಿನಲ್ಲಿ ರಸ್ತೆಯಿದೆಯೇ, ಅದು ಏಕಮುಖವೇ, ಮುಂದೆ ಮೇಲ್ಸೇತುವೆಯಿದೆಯೇ ಎಂಬುದನ್ನು ಹೇಳುವುದು ಉಪಕರಣದೊಳಗೆ ಸಂಗ್ರಹವಾಗಿರುವ ನಕ್ಷೆ. ಉಪಗ್ರಹದ ಸಂಕೇತ ಸದಾ ಹೊಸದು. ನಕ್ಷೆಯಾದರೋ ಅದನ್ನು ಸಿದ್ಧಪಡಿಸಿದ ದಿನದಲ್ಲೇ ನಿಂತುಬಿಡುತ್ತದೆ. ಮೊಬೈಲ್ ಫೋನಿನ ನಕ್ಷೆ ಅಂತರಜಾಲದ ಮೂಲಕ ತಾನಾಗಿಯೇ ಬದಲಾಗುತ್ತಿರುತ್ತದೆ. ಕಾರಿನ ನಕ್ಷೆಗೆ ಅಂತರಜಾಲ ಬೇಕಿಲ್ಲ. ಸಿಗ್ನಲ್ ಸಿಗದ ಹಳ್ಳಿಗಳಲ್ಲಿ ಅದೇ ಅದರ ಉಪಯೋಗ, ಅದೇ ಅದರ ದೌರ್ಬಲ್ಯವೂ ಹೌದು.

ನಕ್ಷೆಯಷ್ಟೇ ಅಲ್ಲ, ಉಪಕರಣದ ತಂತ್ರಾಂಶವೂ ಹಳತಾಗುತ್ತದೆ. ಜಿಪಿಎಸ್ ವ್ಯವಸ್ಥೆಯು ವಾರಗಳನ್ನು 1,024ರವರೆಗೆ ಎಣಿಸಿ ಮತ್ತೆ ಸೊನ್ನೆಯಿಂದ ಆರಂಭಿಸುತ್ತದೆ. 2019ರ ಏಪ್ರಿಲ್ 6ರಂದು ಹೀಗಾದಾಗ, ನವೀಕರಿಸದ ಕೆಲವು ಹಳೆಯ ಉಪಕರಣಗಳು ತಪ್ಪು ದಿನಾಂಕ ತೋರಿಸಿದವು.

ನಮ್ಮ ಭಾಗದಲ್ಲಿ ಬದಲಾದುದೇನು?

ಬೆಂಗಳೂರು–ತುಮಕೂರು–ಶಿರಾ–ಚಿತ್ರದುರ್ಗ ಹೆದ್ದಾರಿಯನ್ನು ನಾವು ಇಂದಿಗೂ ಬಾಯಿಮಾತಿನಲ್ಲಿ ‘ಎನ್.ಎಚ್. 4’ ಎನ್ನುತ್ತೇವೆ. 2010ರ ಮರುಸಂಖ್ಯೆಯ ನಂತರ ಅದು ರಾಷ್ಟ್ರೀಯ ಹೆದ್ದಾರಿ 48. ಹಿಂದೆ 234 ಎಂಬ ಸಂಖ್ಯೆಯಿದ್ದ ಶಿರಾ–ಮಧುಗಿರಿ–ಗೌರಿಬಿದನೂರು ರಸ್ತೆ ಈಗ 69. 2014ರ ನವೆಂಬರ್ 1ರಂದು ‘ತುಮ್ಕೂರ್’ ಅಧಿಕೃತವಾಗಿ ‘ತುಮಕೂರು’ ಆಯಿತು. ಹಳೆಯ ನಕ್ಷೆಯಲ್ಲಿ ಹೊಸ ಅಕ್ಷರಗಳಿಂದ ಹುಡುಕಿದರೆ ಊರೇ ಸಿಗದಿರಬಹುದು. 2022ರ ಏಪ್ರಿಲ್ 4ರಂದು ಆಂಧ್ರಪ್ರದೇಶದಲ್ಲಿ ಜಿಲ್ಲೆಗಳ ಪುನರ್ವಿಂಗಡಣೆಯಾಗಿ, ನಮ್ಮೊಡನೆ ನಿತ್ಯ ವಹಿವಾಟಿರುವ ಹಿಂದೂಪುರ, ಮಡಕಶಿರಾಗಳು ಅನಂತಪುರ ಜಿಲ್ಲೆಯಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದವು.

ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನ ತಲೆಯೆತ್ತಿದೆ. ಅದರ ಮೊದಲ ಹಂತ ಉದ್ಘಾಟನೆಯಾದದ್ದು 2018ರ ಮಾರ್ಚ್‌ನಲ್ಲಿ. ಅದಕ್ಕೆ ಮುಂಚಿನ ನಕ್ಷೆಯಲ್ಲಿ ಅಲ್ಲಿ ಬರಿಯ ಹೊಲಗಳಿರುತ್ತವೆಯೇ ಹೊರತು ಉದ್ಯಾನದ ಒಳರಸ್ತೆಗಳಿರುವುದಿಲ್ಲ. ಅಲ್ಲಿಗೆ ಬಿಡಿಭಾಗ, ತಂತಿ, ಕಬ್ಬಿಣ ಸರಬರಾಜು ಮಾಡುವವರು ಇದನ್ನು ಗಮನಿಸಬೇಕು. ಹೆದ್ದಾರಿಗಳಲ್ಲಿ ಮೇಲ್ಸೇತುವೆ, ಸರ್ವೀಸ್ ರಸ್ತೆಗಳು ಬಂದ ಮೇಲೆ ಹಿಂದಿನಂತೆ ಎಲ್ಲೆಂದರಲ್ಲಿ ತಿರುಗುವಂತಿಲ್ಲ. ಒಂದು ತಿರುವು ತಪ್ಪಿದರೆ ಹಲವು ಕಿಲೋಮೀಟರ್ ಮುಂದೆ ಹೋಗಿ ಹಿಂತಿರುಗಬೇಕಾಗುತ್ತದೆ.

ಪಾವಗಡದ ದಾರಿಯೂ ಕಾನೂನೂ

ಪಾವಗಡವು ತುಮಕೂರು ಜಿಲ್ಲೆಗೆ ಸೇರಿದ್ದರೂ ಜಿಲ್ಲೆಯ ಉಳಿದ ಭಾಗದಿಂದ ಬೇರ್ಪಟ್ಟು, ಬಹುಪಾಲು ಆಂಧ್ರದಿಂದ ಸುತ್ತುವರಿದಿದೆ. ಮಧುಗಿರಿಯಿಂದ ಪಾವಗಡಕ್ಕೆ ಸರಕು ಸಾಗಿಸುವವರು ಸಾಮಾನ್ಯವಾಗಿ ನೆರೆರಾಜ್ಯದ ನೆಲವನ್ನು ತುಳಿಯಬೇಕಾಗುತ್ತದೆ. ಇಲ್ಲಿ ಮೂರು ಅಂಶಗಳನ್ನು ವರ್ತಕ ಬಾಂಧವರು ನೆನಪಿನಲ್ಲಿಡುವುದು ಒಳಿತು.

ಒಂದು, ತೆರಿಗೆ. ಮಧುಗಿರಿಯ ವರ್ತಕರು ಪಾವಗಡದ ವರ್ತಕರಿಗೆ ಮಾರಿದ ಸರಕು ದಾರಿಯಲ್ಲಿ ಆಂಧ್ರವನ್ನು ದಾಟಿದರೂ ಅದರ ಸಾಗಣೆ ಮುಗಿಯುವುದು ಕರ್ನಾಟಕದಲ್ಲೇ. ಆದ್ದರಿಂದ ಅದಕ್ಕೆ ಕೇಂದ್ರ ಮತ್ತು ರಾಜ್ಯ ಜಿಎಸ್‌ಟಿ ಅನ್ವಯವೇ ಹೊರತು ಐಜಿಎಸ್‌ಟಿ ಅಲ್ಲ. ಮಡಕಶಿರಾದಲ್ಲಿ ಇಳಿಸಿದ ಸರಕಿಗೆ ಮಾತ್ರ ಐಜಿಎಸ್‌ಟಿ.

ಎರಡು, ಇ-ವೇ ಬಿಲ್ಲು. 2021ರ ಜನವರಿ 1ರಿಂದ ಸಾಮಾನ್ಯ ಸರಕಿಗೆ ಪ್ರತಿ 200 ಕಿ.ಮೀ.ಗೆ ಒಂದು ದಿನದ ಅವಧಿ. ಪಿನ್‌ಕೋಡ್ ಆಧರಿಸಿ ಪೋರ್ಟಲ್ ತಾನೇ ದೂರವನ್ನು ತುಂಬುತ್ತದೆ. ಹಳೆಯ ನಕ್ಷೆ ನಂಬಿ ಸುತ್ತುದಾರಿ ಹಿಡಿದ ವಾಹನ ಅವಧಿಯೊಳಗೆ ಗುರಿ ಮುಟ್ಟದಿದ್ದರೆ, ಅವಧಿ ಮುಗಿಯುವ 8 ಗಂಟೆ ಮುಂಚೆ ಅಥವಾ ಮುಗಿದ 8 ಗಂಟೆಯೊಳಗೆ ವಿಸ್ತರಿಸಿಕೊಳ್ಳಬೇಕು. ಇಲ್ಲವಾದರೆ ವಾಹನ ತಡೆಹಿಡಿಯಲ್ಪಟ್ಟು, ತೆರಿಗೆ ವಿಧಿಸಬಹುದಾದ ಸರಕಿಗೆ ತೆರಿಗೆಯ ಶೇ. 200ರಷ್ಟು ದಂಡದ ಪ್ರಸಂಗ ಒದಗಬಹುದು.

ಮೂರು, ಪರ್ಮಿಟ್. ಮೋಟಾರು ವಾಹನ ಕಾಯ್ದೆಯ 88ನೇ ಕಲಮಿನ ಪ್ರಕಾರ, ಮಾರ್ಗದ ಎರಡೂ ತುದಿಗಳು ಒಂದೇ ರಾಜ್ಯದಲ್ಲಿದ್ದು, ನಡುವೆ ಅನ್ಯರಾಜ್ಯದಲ್ಲಿ ಹಾಯುವ ಭಾಗ 16 ಕಿ.ಮೀ. ಮೀರದಿದ್ದರೆ, ಆ ರಾಜ್ಯದ ಮೇಲುರುಜು ಇಲ್ಲದೆಯೂ ಪರ್ಮಿಟ್ ಊರ್ಜಿತವಾಗಿರುತ್ತದೆ. ನಕ್ಷೆಯು ‘ಹತ್ತಿರದ ದಾರಿ’ ಎಂದು ಆಂಧ್ರದೊಳಗೆ ಅದಕ್ಕಿಂತ ದೂರ ಕರೆದೊಯ್ದರೆ ಈ ರಿಯಾಯಿತಿ ಇಲ್ಲ. ರಾಜ್ಯದ ಪರ್ಮಿಟ್ ಮಾತ್ರ ಹೊಂದಿರುವ ಲಾರಿಗಳ ಮಾಲೀಕರು ತಮ್ಮ ಮಾರ್ಗದ ಆಂಧ್ರಭಾಗವನ್ನು ಒಮ್ಮೆ ಅಳೆದು ಚಾಲಕರಿಗೆ ಬರೆದುಕೊಡುವುದು ಕ್ಷೇಮ. ರಾಷ್ಟ್ರೀಯ ಪರ್ಮಿಟ್ ಇರುವವರಿಗೆ ಈ ತೊಡಕಿಲ್ಲ.

ನವೀಕರಿಸುವ ಕ್ರಮ

ಕಾರಿನ ಪರದೆಯ ‘ಸೆಟ್ಟಿಂಗ್ಸ್’ ವಿಭಾಗದಲ್ಲಿ ವ್ಯವಸ್ಥೆಯ ವಿವರ ತೆರೆದರೆ ತಂತ್ರಾಂಶದ ಮತ್ತು ನಕ್ಷೆಯ ಆವೃತ್ತಿ ಕಾಣುತ್ತದೆ. ಅದನ್ನು ಬರೆದುಕೊಂಡು ವಾಹನ ತಯಾರಕರ ಅಧಿಕೃತ ಜಾಲತಾಣದಲ್ಲಿನ ಆವೃತ್ತಿಯೊಡನೆ ಹೋಲಿಸಬೇಕು. ಕೆಲವು ಹೊಸ ಕಾರುಗಳು ಅಂತರಜಾಲದ ಮೂಲಕ ನೇರವಾಗಿ ನವೀಕರಣ ಪಡೆಯುತ್ತವೆ. ಉಳಿದವುಗಳಿಗೆ ಕಂಪ್ಯೂಟರಿನಿಂದ ಪೆನ್‌ಡ್ರೈವ್ ಅಥವಾ ಎಸ್‌ಡಿ ಕಾರ್ಡಿಗೆ ಇಳಿಸಿಕೊಂಡು ವಾಹನಕ್ಕೆ ತುಂಬಬೇಕು, ಇಲ್ಲವೇ ಸರ್ವೀಸಿಗೆ ಬಿಟ್ಟಾಗ ಅಧಿಕೃತ ಕೇಂದ್ರದಲ್ಲಿ ಹಾಕಿಸಬೇಕು. ಕೆಲಸ ನಡೆಯುವಾಗ ಬ್ಯಾಟರಿ ಇಳಿಯಬಾರದು, ಪೆನ್‌ಡ್ರೈವನ್ನು ನಡುವೆ ಕೀಳಬಾರದು. ಅರ್ಧಕ್ಕೆ ನಿಂತ ನವೀಕರಣ ಪರದೆಯನ್ನೇ ನಿರುಪಯುಕ್ತ ಮಾಡಬಹುದು. ಸಹಾಯವಾಣಿಯ ಸೋಗಿನಲ್ಲಿ ಹಣ ಕೇಳುವ ನಕಲಿ ಜಾಲತಾಣಗಳ ಬಗೆಗೂ ಎಚ್ಚರವಿರಲಿ.

ವೆಚ್ಚವೋ, ಉಳಿತಾಯವೋ?

ನವೀಕರಣಕ್ಕೆ ಹಣ ಕೇಳಿದೊಡನೆ ಅನೇಕರು ಹಿಂದೆ ಸರಿಯುತ್ತಾರೆ. ಒಂದು ಸರಳ ಲೆಕ್ಕ ಹಾಕೋಣ. ವಾರಕ್ಕೆ ಎರಡು ಬಾರಿ, ಪ್ರತಿ ಬಾರಿ 15 ಕಿ.ಮೀ. ವ್ಯರ್ಥವಾಗಿ ಸುತ್ತಿದರೆ ವರ್ಷಕ್ಕೆ 1,560 ಕಿ.ಮೀ. ಕಿ.ಮೀ.ಗೆ 10 ರೂಪಾಯಿ ಎಂದು ಹಿಡಿದರೂ 15,600 ರೂಪಾಯಿ. ನಿಮ್ಮ ಕಾರಿನ ನವೀಕರಣದ ದರವನ್ನು ಇದರ ಪಕ್ಕದಲ್ಲಿಟ್ಟು ನೋಡಿ ತೀರ್ಮಾನಿಸಿ. ಖರೀದಿಯ ನಂತರ ಕೆಲವು ವರ್ಷ ಉಚಿತ ನವೀಕರಣ ಕೊಡುವ ತಯಾರಕರೂ ಇದ್ದಾರೆ. ಆ ಅವಧಿ ಮುಗಿಯುವ ಮುನ್ನ ಉಪಯೋಗಿಸಿಕೊಳ್ಳಬೇಕು.

ಲೆಕ್ಕಪತ್ರದಲ್ಲಿ ವಾರ್ಷಿಕ ನವೀಕರಣದ ಹಣವನ್ನು ವಾಹನದ ಬೆಲೆಗೆ ಸೇರಿಸದೆ ವಾಹನ ನಿರ್ವಹಣಾ ವೆಚ್ಚವೆಂದೇ ಬರೆಯುವುದು ಯುಕ್ತ. ಕಾರನ್ನು ಮನೆಯ ಕೆಲಸಕ್ಕೂ ಬಳಸುವವರು ಆ ಪ್ರಮಾಣವನ್ನು ಸ್ವಂತ ಖಾತೆಗೆ ಹಾಕಬೇಕು. ಪ್ರಯಾಣಿಕರ ಕಾರುಗಳ ನಿರ್ವಹಣೆಯ ಮೇಲಿನ ಜಿಎಸ್‌ಟಿ ಹೂಡುವಳಿ ತೆರಿಗೆ ಜಮೆಯನ್ನು ಕಾಯ್ದೆಯ 17(5)ನೇ ಕಲಮು ಸಾಮಾನ್ಯವಾಗಿ ತಡೆಯುವುದರಿಂದ, ಬಿಲ್ಲಿನ ಪೂರ್ಣ ಮೊತ್ತವನ್ನೇ ವೆಚ್ಚವೆಂದು ಎಣಿಸುವುದು ಕ್ಷೇಮಕರ.

ಎಷ್ಟೇ ಹೊಸದಾದರೂ ನಕ್ಷೆ ಎಲ್ಲವನ್ನೂ ಬಲ್ಲದೆಂದಲ್ಲ. ಶನಿವಾರ ಪಾವಗಡದ ಶನಿಮಹಾತ್ಮ ದೇವಾಲಯದ ಬಳಿ ಸೇರುವ ಭಕ್ತರ ದಟ್ಟಣೆ, ಕೊರಟಗೆರೆಯ ಗೊರವನಹಳ್ಳಿಗೆ ಹೊರಡುವ ವಾಹನಗಳ ಸಾಲು, ಮಳೆಗಾಲದಲ್ಲಿ ಹಳ್ಳ ಬಂದು ಮುಚ್ಚುವ ದಾರಿ, ಇವು ಚಾಲಕನ ಅನುಭವಕ್ಕೇ ಗೊತ್ತು. ಆ ಅನುಭವದ ಜೊತೆಗೆ ಸರಿಯಾದ ನಕ್ಷೆಯೂ ಇದ್ದರೆ ಸರಕು ಹೊತ್ತಿಗೆ ಸರಿಯಾಗಿ ಗಿರಾಕಿಯ ಬಾಗಿಲು ಸೇರುತ್ತದೆ. ಏಪ್ರಿಲ್‌ನಲ್ಲಿ ಹೊಸ ಲೆಕ್ಕದ ಪುಸ್ತಕ ತೆರೆಯುವ ದಿನವೇ ವಾಹನದ ನಕ್ಷೆಯ ಆವೃತ್ತಿಯನ್ನೂ ಪರಿಶೀಲಿಸುವ ಪದ್ಧತಿ ಇಟ್ಟುಕೊಂಡರೆ ಈ ಕೆಲಸ ಮರೆತುಹೋಗುವುದಿಲ್ಲ.