ಚಳಿಗಾಲಕ್ಕೆ ಮಲಗುವ ಮನೆಗಾಡಿ

ಅಕ್ಟೋಬರ್ ತಿಂಗಳು ಕಳೆಯುತ್ತ ಬಂದಂತೆ ಅಮೆರಿಕ ಸಂಯುಕ್ತ ಸಂಸ್ಥಾನಗಳ ಉತ್ತರ ಭಾಗದಲ್ಲಿ ಅನೇಕ ಮನೆಗಳ ಪಕ್ಕದಲ್ಲಿ ಒಂದೇ ಬಗೆಯ ದೃಶ್ಯ ಕಾಣುತ್ತದೆ. ಬೇಸಗೆಯೆಲ್ಲ ಊರೂರು ಸುತ್ತಿ ಬಂದ ದೊಡ್ಡ ವಾಹನವೊಂದು ನಿಂತಿದೆ. ಮನೆಯ ಯಜಮಾನನು ಅದರ ಅಡಿಯಲ್ಲಿ ಬಗ್ಗಿ, ಸಣ್ಣದೊಂದು ಹಿಡಿಯನ್ನು ಹೊರಕ್ಕೆ ಎಳೆದಿಡುವುದೋ ಒಳಕ್ಕೆ ತಳ್ಳಿಡುವುದೋ ಎಂದು ಯೋಚಿಸುತ್ತಿದ್ದಾನೆ. ಇಷ್ಟು ಅಲ್ಪವಾದ ವಿಷಯಕ್ಕೆ ಅಷ್ಟೇಕೆ ಯೋಚನೆ ಎಂದು ನಮಗೆ ತೋರಬಹುದು. ಆದರೆ ಆ ಹಿಡಿಯ ಹಿಂದೆ ನೀರಿನ ವಿಚಿತ್ರ ಸ್ವಭಾವವೊಂದು ಅಡಗಿದೆ. ಅದನ್ನು ಲೆಕ್ಕಿಸದೆ ಹೋದವನು ವಸಂತದಲ್ಲಿ ಅದಕ್ಕೆ ತಕ್ಕ ಬೆಲೆಯನ್ನು ತೆರುತ್ತಾನೆ.

ಆ ವಾಹನಕ್ಕೆ ಅಲ್ಲಿಯವರು ಚಿಕ್ಕದಾಗಿ ಆರ್. ವಿ. ಎನ್ನುತ್ತಾರೆ, ನಾವು ಮನೆಗಾಡಿ ಎಂದು ಕರೆಯೋಣ. ಅಡುಗೆಯ ಒಲೆ, ಮಲಗುವ ಮಂಚ, ಸ್ನಾನದ ಮನೆ, ಶೌಚಾಲಯ ಇವೆಲ್ಲವೂ ಅದರೊಳಗೆ ಉಂಟು. ಈ ಕಲ್ಪನೆ ಹೊಸದಲ್ಲ. ಪಿಯರ್ಸ್-ಆರೋ ಕಂಪನಿಯವರು 1910ರಲ್ಲಿ ನ್ಯೂಯಾರ್ಕ್ ನಗರದ ಪ್ರದರ್ಶನದಲ್ಲಿಟ್ಟಿದ್ದ ಮೋಟಾರಿನಲ್ಲಿ ಹಿಂದಿನ ಆಸನವು ಹಾಸಿಗೆಯಾಗುತ್ತಿತ್ತು, ಚಾಲಕನ ಬೆನ್ನ ಹಿಂದೆ ಮಡಚುವ ಕೈತೊಳೆಯುವ ಬೋಗುಣಿ ಇತ್ತು. ಶೌಚಕ್ಕೆ ಮಾತ್ರ ಒಂದು ಪಾತ್ರೆ! ಅದನ್ನು ಚೆಲ್ಲಿ ತೊಳೆದಿಟ್ಟರೆ ಮುಗಿಯಿತು. ಕವಾಟದ ಚಿಂತೆ ಆ ಕಾಲದವರಿಗೆ ಇರಲಿಲ್ಲ.

ಇಂದಿನ ಮನೆಗಾಡಿಯಲ್ಲಿ ಕೊಳೆನೀರಿಗೆಂದು ಸಾಮಾನ್ಯವಾಗಿ ಎರಡು ಪ್ಲಾಸ್ಟಿಕ್ ತೊಟ್ಟಿಗಳಿರುತ್ತವೆ. ಶೌಚಾಲಯದ ಕಲ್ಮಷ ಬೀಳುವುದು ಕಪ್ಪು ತೊಟ್ಟಿಗೆ. ಸ್ನಾನದ ಮತ್ತು ಪಾತ್ರೆ ತೊಳೆದ ನೀರು ಹೋಗುವುದು ಬೂದು ತೊಟ್ಟಿಗೆ. ಒಂದೊಂದರಲ್ಲಿಯೂ ನೂರು ನೂರೈವತ್ತು ಲೀಟರ್ ಹಿಡಿಯುವುದು ಸಾಮಾನ್ಯ. ಪ್ರತಿ ತೊಟ್ಟಿಯ ತಳದ ಕೊಳವೆಗೆ ಒಂದು ಕವಾಟ. ಇದು ನಮ್ಮ ನಲ್ಲಿಯಂತೆ ತಿರುಗಿಸುವಂಥದಲ್ಲ. ಚಪ್ಪಟೆಯಾದ ಅಲಗೊಂದು ಎರಡು ರಬ್ಬರ್ ಬಳೆಗಳ ನಡುವೆ ಜಾರುತ್ತದೆ. ಹಿಡಿಯನ್ನು ಎಳೆದರೆ ಅಲಗು ಸರಿದು ದಾರಿ ಬಿಡುತ್ತದೆ, ತಳ್ಳಿದರೆ ಅಡ್ಡ ನಿಲ್ಲುತ್ತದೆ. ಎರಡು ಕವಾಟಗಳನ್ನೂ ದಾಟಿದ ಮೇಲೆ ಒಂದೇ ಹೊರಬಾಯಿ, ಅದಕ್ಕೊಂದು ಮುಚ್ಚಳ.

ಈಗ ಚಳಿಯನ್ನು ಗಮನಿಸೋಣ. ಬಹುಮಟ್ಟಿನ ಪದಾರ್ಥಗಳು ಘನವಾಗುವಾಗ ಕುಗ್ಗುತ್ತವೆ, ನೀರು ಹಿಗ್ಗುತ್ತದೆ. ಹೆಪ್ಪುಗಟ್ಟುವಾಗ ನೀರಿನ ಪ್ರತಿಯೊಂದು ಅಣುವೂ ನೆರೆಯ ನಾಲ್ಕು ಅಣುಗಳೊಡನೆ ಕೈ ಹಿಡಿದು, ನಡುನಡುವೆ ಟೊಳ್ಳಿರುವ ಪಂಜರವೊಂದನ್ನು ಕಟ್ಟಿಕೊಳ್ಳುವುದೇ ಇದಕ್ಕೆ ಕಾರಣ. ಒಂದು ಲೀಟರ್ ನೀರು ಸುಮಾರು 1090 ಘನ ಸೆಂಟಿಮೀಟರ್ ಮಂಜುಗಡ್ಡೆಯಾಗುತ್ತದೆ. ನೂರಕ್ಕೆ ಒಂಬತ್ತು ಪಾಲು ಹೆಚ್ಚಳ ಅಷ್ಟೆ ಎನ್ನಬಹುದು. ಹಿಗ್ಗಲು ಜಾಗವಿದ್ದರೆ ಅಷ್ಟೆ ನಿಜ. ಜಾಗವಿಲ್ಲದೆ ನೀರು ಸೆರೆಸಿಕ್ಕಿದ್ದರೆ, ಸೊನ್ನೆಗಿಂತ 5 ಡಿಗ್ರಿ ಸೆಲ್ಸಿಯಸ್ ಕೆಳಗೆ ಅದು ತನ್ನ ಸೆರೆಮನೆಯ ಗೋಡೆಯನ್ನು ಸುಮಾರು 600 ವಾಯುಭಾರದಷ್ಟು ಬಲದಿಂದ ಒತ್ತಬಲ್ಲದು. ಎಂದರೆ ಉಗುರಿನಗಲದ ಜಾಗದ ಮೇಲೆ ಆರುನೂರು ಕಿಲೊಗ್ರಾಂ ಭಾರ ಹೇರಿದಂತೆ! 22 ಡಿಗ್ರಿ ಕೆಳಗಿಳಿದರೆ ಈ ಒತ್ತಡ ಎರಡು ಸಾವಿರ ವಾಯುಭಾರವನ್ನು ಮೀರಬಹುದು. 1784-85ರ ಚಳಿಗಾಲದಲ್ಲಿ ಕೆನಡಾದ ಕ್ವಿಬೆಕ್ ನಗರದಲ್ಲಿ ಎಡ್ವರ್ಡ್ ವಿಲಿಯಮ್ಸ್ ಎಂಬ ಸೇನಾಧಿಕಾರಿ ಟೊಳ್ಳಾದ ಕಬ್ಬಿಣದ ಗುಂಡುಗಳಲ್ಲಿ ನೀರು ತುಂಬಿ, ಬಾಯಿಗೆ ಬೆಣೆ ಜಡಿದು, ರಾತ್ರಿಯ ಚಳಿಯಲ್ಲಿ ಇಟ್ಟನು. ಒಂದು ಗುಂಡಿನ ಬೆಣೆ ನೂರಾರು ಅಡಿ ದೂರಕ್ಕೆ ಸಿಡಿಯಿತು. ಬೆಣೆ ಬಿಗಿಯಾಗಿ ನಿಂತಾಗ ಗುಂಡೇ ಸೀಳಿತು. ಕಬ್ಬಿಣದ ಪಾಡು ಹೀಗಾದರೆ ಪ್ಲಾಸ್ಟಿಕ್ ಕವಾಟದ ಪಾಡೇನು?

ಇಲ್ಲಿ ಒಂದು ಸೂಕ್ಷ್ಮವನ್ನು ಮರೆಯಬಾರದು. ಅರ್ಧ ತುಂಬಿದ ತೊಟ್ಟಿಯು ಸುಲಭವಾಗಿ ಒಡೆಯುವುದಿಲ್ಲ. ಮೇಲಿನ ಖಾಲಿ ಜಾಗದ ಕಡೆಗೆ ಮಂಜು ಬೆಳೆಯಬಲ್ಲದು. ಅಪಾಯವಿರುವುದು ತೊಟ್ಟಿಗಿಂತ ಹೆಚ್ಚಾಗಿ ಅದರ ತಳದ ಇಕ್ಕಟ್ಟಿನಲ್ಲಿ: ಕೊಳವೆಯ ತಿರುವು, ಅಲಗು ಜಾರುವ ಕಿರಿದಾದ ಗಾಡಿ. ಅಲ್ಲಿ ಒಂದು ಲೋಟದಷ್ಟು ನೀರು ಉಳಿದರೂ ಸಾಕು, ಕವಾಟದ ಒಡಲು ಬಿರಿಯಬಹುದು. ಬಿರಿಯದೆ ಉಳಿದರೂ ಅಲಗು ಮಂಜಿನಲ್ಲಿ ಹೂತುಹೋಗಿರುತ್ತದೆ. ತಾಳ್ಮೆಯಿಲ್ಲದವನು ಬಲವಾಗಿ ಎಳೆದರೆ ಹಿಡಿ ಕೈಗೆ ಬರುತ್ತದೆ, ಅಲಗು ಅಲ್ಲೇ ಉಳಿಯುತ್ತದೆ.

ಹಾಗಿದ್ದಲ್ಲಿ ಚಳಿಗಾಲವೆಲ್ಲ ಕವಾಟವನ್ನು ತೆರೆದೇ ಇಟ್ಟರಾಯಿತು, ಉಳಿದ ಹನಿಯೂ ಸೋರಿಹೋಗಲಿ ಎಂದು ವಾದಿಸುವವರು ಉಂಟು. ಮುಚ್ಚಿಡಬೇಕು ಎನ್ನುವವರೂ ಅಷ್ಟೇ ಮಂದಿ. ಎರಡು ಪಕ್ಷಗಳ ವಾದವೂ ಪೊಳ್ಳಲ್ಲ. ನಿರ್ಣಯಕ್ಕೆ ಬರುವ ಮುನ್ನ ಗಾಳಿಯ ವಿಚಾರವನ್ನೂ ನೋಡಬೇಕು.

ತೊಟ್ಟಿಯಿಂದ ಗಾಡಿಯ ಛಾವಣಿಗೆ ಒಂದು ಗಾಳಿಕೊಳವೆ ಇರುತ್ತದೆ. ಕೆಳಗೆ ಕವಾಟವೂ ಮುಚ್ಚಳವೂ ತೆರೆದಿದ್ದರೆ ಇಡೀ ತೊಟ್ಟಿಯು ಹೊಗೆಗೂಡಿನಂತಾಗಿ ಅದರೊಳಗೆ ಗಾಳಿ ಓಡಾಡುತ್ತದೆ. ತಳದಲ್ಲಿ ಅಂಟಿದ್ದ ಕಲ್ಮಷ ಒಣಗಿ ಗಾರೆಯಂತೆ ಗಟ್ಟಿಯಾಗುತ್ತದೆ. ಹುಳುಹುಪ್ಪಟೆಗಳಿಗೂ ಇಲಿಮರಿಗಳಿಗೂ ರಾಜಮಾರ್ಗ ತೆರೆದಂತಾಗುತ್ತದೆ. ಕವಾಟವನ್ನು ತೆರೆದು ಮುಚ್ಚಳವನ್ನು ಮಾತ್ರ ಬಿಗಿದರೆ, ಸೋರಿದ ಕೊಳೆನೀರೆಲ್ಲ ಮುಚ್ಚಳದ ಹಿಂದೆ ನಿಂತು ಅಲ್ಲಿಯೇ ಹೆಪ್ಪುಗಟ್ಟುತ್ತದೆ. ಕರಗಿದ ಮೇಲೆ ಮುಚ್ಚಳ ಬಿಚ್ಚುವವನ ಪಾದರಕ್ಷೆಗಳ ಗತಿಯನ್ನು ಓದುಗರೇ ಊಹಿಸಿಕೊಳ್ಳಲಿ.

ಆದುದರಿಂದ ತೆರೆಯುವುದೋ ಮುಚ್ಚುವುದೋ ಎಂಬ ಪ್ರಶ್ನೆಯನ್ನೇ ತಿದ್ದಿ ಕೇಳಬೇಕು ಎಂದು ನಮಗೆ ತೋರುತ್ತದೆ: ಕವಾಟದ ಹಿಂದೆ ಏನಿದೆ? ನೀರಿನ ಮುಂದೆ ಮುಚ್ಚಿದ ಕವಾಟ ಕೇಡು. ಬರಿದಾದ ತೊಟ್ಟಿಯ ಮುಂದೆ ಮುಚ್ಚಿದ ಕವಾಟ ಕಾವಲು. ಮೊದಲು ಗಾಡಿಯನ್ನು ಕೊಳೆನೀರು ಬಿಡಲು ಏರ್ಪಡಿಸಿದ ಸ್ಥಳಕ್ಕೆ ಒಯ್ದು ಕಪ್ಪು ತೊಟ್ಟಿಯನ್ನು ಬರಿದುಮಾಡಿ, ತಿಳಿನೀರು ಬರುವವರೆಗೆ ತೊಳೆಯಬೇಕು. ಬೂದು ತೊಟ್ಟಿಯ ಸರದಿ ಆಮೇಲೆ. ಅದರ ಸಾಬೂನು ನೀರು ಹೊರಗಿನ ಕೊಳವೆಯನ್ನೂ ತೊಳೆದುಕೊಂಡು ಹೋಗುತ್ತದೆ. ಅನಂತರ ಗಾಡಿಯನ್ನು ಹೊರಬಾಯಿಯ ಕಡೆಗೆ ತುಸು ಓರೆಯಾಗಿಸಿ, ಎರಡು ಕವಾಟಗಳನ್ನೂ ತೆರೆದಿಟ್ಟು ಕಡೆಯ ಹನಿಯೂ ಇಳಿಯಲು ಕಾಲ ಕೊಡಬೇಕು. ಗಾಡಿಯಲ್ಲಿ ನೀರು ಉಳಿಯದಂತೆ ಅಲಗನ್ನು ಎರಡು ಮೂರು ಸಲ ಆಡಿಸಿ, ಆಮೇಲೆ ಮುಚ್ಚಬೇಕು.

ಇಷ್ಟಾದರೂ ಒಂದೆಡೆ ನೀರು ಉಳಿಯಲೇಬೇಕು. ಬಚ್ಚಲಿನ ಜಾಲರಿಯ ಕೆಳಗೆ ಕೊಳವೆ ಬಾಗಿ ನೀರು ನಿಲ್ಲುವುದನ್ನು ನಾವೆಲ್ಲ ಬಲ್ಲೆವು. ಚರಂಡಿಯ ಅನಿಲ ಮನೆಯೊಳಕ್ಕೆ ಬಾರದಂತೆ ತಡೆಯುವುದು ಆ ಗುಟುಕು ನೀರೇ. 1775ರಲ್ಲಿ ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರ ತಯಾರಕನು ಇಂಗ್ಲೆಂಡಿನಲ್ಲಿ ಹಕ್ಕುಪತ್ರ ಪಡೆದ ಶೌಚಾಲಯದಲ್ಲಿ ಇಂಥ ಬಾಗು ಇತ್ತು. ಬೇಸಗೆಯ ರಜೆಗೆ ಬೀಗ ಹಾಕಿ ಹೋದ ಮನೆ, ತಿಂಗಳ ಬಳಿಕ ತೆರೆದಾಗ ನಾರುವುದು ಏಕೆ ಎಂಬುದಕ್ಕೆ ಉತ್ತರವೂ ಇಲ್ಲಿದೆ: ಆ ನೀರು ಆವಿಯಾಗಿಹೋಗಿರುತ್ತದೆ. ಮನೆಗಾಡಿಯ ಬೋಗುಣಿಗಳ ಕೆಳಗೂ ಇಂಥ ಬಾಗುಗಳಿವೆ. ಅವು ಒಣಗಿದರೆ ಹೈಡ್ರೊಜನ್ ಸಲ್ಫೈಡ್ ಮೊದಲಾದ ಅನಿಲಗಳು ಒಳನುಗ್ಗಬಹುದು. ಈ ಅನಿಲ ಗಾಳಿಗಿಂತ ಭಾರ, ವಿಷಕಾರಿ. ಹತ್ತು ಲಕ್ಷಕ್ಕೆ ಒಂದು ಪಾಲಿಗಿಂತ ಕಡಮೆಯಿದ್ದರೂ ಮೂಗು ಅದನ್ನು ಗುರುತಿಸುತ್ತದೆ. ಆದರೆ ಪ್ರಮಾಣ ಬಹಳ ಹೆಚ್ಚಿದಾಗ ಮೂಗೇ ಮರಗಟ್ಟಿ ವಾಸನೆ ತಿಳಿಯದೆ ಹೋಗುತ್ತದೆ.

ನೀರಿದ್ದರೆ ಬಾಗು ಬಿರಿಯುತ್ತದೆ, ಇಲ್ಲದಿದ್ದರೆ ಅನಿಲ ಬರುತ್ತದೆ. ಈ ತೊಡಕನ್ನು ಬಿಡಿಸಿದ್ದು ರಸಾಯನಶಾಸ್ತ್ರ. ಪ್ರೊಪಿಲೀನ್ ಗ್ಲೈಕಾಲ್ ಬೆರೆತ ಗುಲಾಬಿ ಬಣ್ಣದ ದ್ರವವನ್ನು ಪ್ರತಿಯೊಂದು ಬಾಗಿಗೂ ಎರಡು ಬಟ್ಟಲಿನಷ್ಟು ಸುರಿಯುತ್ತಾರೆ. ಶೌಚಾಲಯಕ್ಕೂ ಸುರಿದು, ಅದು ತೊಟ್ಟಿಯ ತಳಕ್ಕಿಳಿದು ಮುಚ್ಚಿದ ಅಲಗಿನ ಮೇಲೆ ನಿಲ್ಲುವಂತೆ ಮಾಡುತ್ತಾರೆ. ಗ್ಲೈಕಾಲಿನ ಅಣುಗಳು ನೀರಿನ ಅಣುಗಳ ನಡುವೆ ಸೇರಿಕೊಂಡು ಪಂಜರ ಕಟ್ಟಲು ಬಿಡುವುದಿಲ್ಲ. ಅಲಗಿನ ರಬ್ಬರ್ ಬಳೆಗಳು ಒಣಗದೆ ಮೆತ್ತಗಿರುವುದು ಇನ್ನೊಂದು ಲಾಭ. ಶೀಸೆಯ ಮೇಲೆ ಸೊನ್ನೆಗಿಂತ 50 ಡಿಗ್ರಿ ಫ್ಯಾರನ್‌ಹೀಟ್ ಕೆಳಗಿನವರೆಗೆ ರಕ್ಷಣೆ ಎಂದು ಬರೆದಿರುವುದುಂಟು. ಅಲ್ಲಿಯವರೆಗೆ ದ್ರವ ತಿಳಿಯಾಗಿಯೇ ಇರುತ್ತದೆಂದು ಇದರ ಅರ್ಥವಲ್ಲ. ಬಹಳ ಮೊದಲೇ ಅದು ಅರೆಗಟ್ಟಿಯಾದ ಗಂಜಿಯಂತಾಗುತ್ತದೆ. ಗಂಜಿ ಸರಿದು ಜಾಗ ಮಾಡಿಕೊಳ್ಳುತ್ತದೆ, ಕೊಳವೆಯನ್ನು ಸೀಳುವುದಿಲ್ಲ.

ಮೋಟಾರಿನ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲನ್ನು ಮಾತ್ರ ಇಲ್ಲಿ ಬಳಸಲೇಕೂಡದು. ಅದು ಸಿಹಿ, ಅದೇ ಅದರ ಕೇಡು. ನಾಯಿಯೋ ಮಗುವೋ ನೆಕ್ಕಿದರೆ ದೇಹದಲ್ಲಿ ಆಕ್ಸಲಿಕ್ ಆಮ್ಲವಾಗಿ ಮಾರ್ಪಟ್ಟು, ಅದರ ಹರಳುಗಳು ಮೂತ್ರಪಿಂಡಗಳನ್ನು ಕೆಡಿಸುತ್ತವೆ.

ಚಳಿಗೆ ಅಂಜಿ ಗಾಡಿಯನ್ನು ಅರಿಜೋನದ ಮರುಭೂಮಿಗೆ ಓಡಿಸುವವರೂ ಇದ್ದಾರೆ. ಕ್ವಾರ್ಟ್ಸೈಟ್ ಎಂಬ ಚಿಕ್ಕ ಊರು ಚಳಿಗಾಲದಲ್ಲಿ ಮನೆಗಾಡಿಗಳಿಂದ ತುಂಬಿಹೋಗುತ್ತದೆ. ಅಂಥ ಸೀಮೆಯಲ್ಲಿಯೇ ಗಾಡಿಯನ್ನು ಬೇಸಗೆಗೆ ಬಿಟ್ಟುಹೋಗುವವರಿಗೆ ಮಂಜಿನ ಭಯವಿಲ್ಲ, ಆದರೆ ಬಾಗುಗಳು ಬಲು ಬೇಗ ಒಣಗುತ್ತವೆ. ಅಲ್ಲಿಯೂ ಅದೇ ಗುಲಾಬಿ ದ್ರವ ಕೆಲಸಕ್ಕೆ ಬರುತ್ತದೆ. ಪ್ರೊಪಿಲೀನ್ ಗ್ಲೈಕಾಲ್ ಕುದಿಯುವುದು 188 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದರಲ್ಲಿನ ನೀರು ಹಾರಿಹೋದರೂ ಗ್ಲೈಕಾಲ್ ಬಾಗಿನ ತಳದಲ್ಲಿ ಬಹುಕಾಲ ಕುಳಿತಿರುತ್ತದೆ.

ಏಪ್ರಿಲ್ ಬಂದು ಮಂಜು ಕರಗಿದ ಮೇಲೆ ಉತ್ತರದ ಯಜಮಾನನು ಮತ್ತೆ ಗಾಡಿಯ ಅಡಿಗೆ ಬಗ್ಗುತ್ತಾನೆ. ಕೆಳಗೆ ಒಂದು ಬಕೆಟ್ಟನ್ನಿಟ್ಟು, ಮುಚ್ಚಳ ಬಿಚ್ಚಿ, ಹಿಡಿಯನ್ನು ಮೆಲ್ಲಗೆ ಎಳೆಯುತ್ತಾನೆ. ಅಲಗು ಸಲೀಸಾಗಿ ಜಾರಿ, ಬಕೆಟ್ಟಿಗೆ ಒಂದೆರಡು ಬಟ್ಟಲು ಗುಲಾಬಿ ನೀರು ಬಿದ್ದರೆ ಅಕ್ಟೋಬರಿನ ಕೆಲಸ ಸರಿಯಾಗಿ ನಡೆದಿತ್ತೆಂದು ತಿಳಿಯುತ್ತದೆ.