ಅಂಟಿನ ಹನಿಯ ಲೆಕ್ಕ: ಸ್ವಯಂಚಾಲಿತ ಡಿಸ್ಪೆನ್ಸಿಂಗ್ ಯಂತ್ರ ಕೊಳ್ಳುವವರ ಗಮನಕ್ಕೆ

ಪೀಣ್ಯದ ಸಣ್ಣ ಘಟಕವೊಂದರ ದಾಸ್ತಾನು ಪರಿಶೀಲಿಸುತ್ತಿದ್ದಾಗ ಅಂಟಿನ ಬಳಕೆಯು ಉತ್ಪಾದನೆಗೆ ತಾಳೆಯಾಗದಿರುವುದು ಕಂಡುಬಂದಿತು. ಎಲ್‌ಇಡಿ ಬೋರ್ಡಿನ ಮೇಲೆ ಮಸೂರಗಳನ್ನು ಕೂರಿಸಲು ಎಪಾಕ್ಸಿ ಅಂಟಿನ ಹನಿಗಳನ್ನಿಡುವ ಯಂತ್ರವನ್ನು ಮಾಲೀಕರು ಬ್ಯಾಂಕ್ ಸಾಲದಿಂದ ಕೊಂಡಿದ್ದರು. ಕೈಯಿಂದ ಹಾಕುತ್ತಿದ್ದ ಕಾಲಕ್ಕಿಂತ ಯಂತ್ರ ಬಂದ ಮೇಲೆಯೇ ಅಂಟು ಹೆಚ್ಚು ಖರ್ಚಾಗಿತ್ತು. ದೋಷವಿದ್ದುದು ಯಂತ್ರದಲ್ಲಲ್ಲ, ಅದರ ಪ್ರೋಗ್ರಾಮಿನಲ್ಲಿ.

ಇಂತಹ ಯಂತ್ರಕ್ಕೆ ಪ್ರತಿಯೊಂದು ಹನಿಯ ಸ್ಥಾನ, ಸೂಜಿಯ ಎತ್ತರ, ಗಾಳಿಯ ಒತ್ತಡ ಬಿಡಬೇಕಾದ ಸಮಯ, ಹನಿ ಬಿದ್ದ ಬಳಿಕ ಸೂಜಿ ಮೇಲೇಳುವ ವೇಗ ಇವಿಷ್ಟನ್ನು ತಿಳಿಸಬೇಕು. ಸೂಜಿಯನ್ನು ಆಯಾ ಬಿಂದುವಿಗೆ ನಡೆಸಿ ಸ್ಥಾನ ದಾಖಲಿಸುವುದನ್ನು ಐಟಿಐ ಕಲಿತ ಹುಡುಗನು ಬೇಗನೆ ಕಲಿಯುತ್ತಾನೆ. ಕಷ್ಟವಿರುವುದು ಉಳಿದವುಗಳಲ್ಲಿ. ಸೂಜಿ ತೀರಾ ಕೆಳಗಿದ್ದರೆ ಅದರ ಬಾಯಿ ಮುಚ್ಚಿಕೊಳ್ಳುತ್ತದೆ. ತೀರಾ ಮೇಲಿದ್ದರೆ ಹನಿಯು ಬೋರ್ಡಿಗೆ ಅಂಟದೆ ಸೂಜಿಯ ತುದಿಯಲ್ಲೇ ಉಳಿದು ಮುಂದಿನ ಹನಿಯೊಡನೆ ಸೇರುತ್ತದೆ.

ಸಮಯದ ವಿಷಯವು ಇನ್ನೂ ಸೂಕ್ಷ್ಮ. ಗಾಳಿಯ ಒತ್ತಡದಿಂದ ನಡೆಯುವ ಯಂತ್ರಗಳಲ್ಲಿ ಸಿರಿಂಜ್ ಖಾಲಿಯಾದಂತೆ ಅದರೊಳಗೆ ಗಾಳಿ ತುಂಬಬೇಕಾದ ಜಾಗವು ಹೆಚ್ಚುತ್ತದೆ. ಒತ್ತಡವೇರಲು ತಡವಾಗಿ, ಅದೇ ಸಮಯಕ್ಕೆ ಬೀಳುವ ಹನಿ ಚಿಕ್ಕದಾಗುತ್ತದೆ. ಬೇಸಿಗೆಯ ಮಧ್ಯಾಹ್ನ ಅಂಟು ತೆಳುವಾದರೆ ಹನಿ ದೊಡ್ಡದಾಗುವುದೂ ಉಂಟು. ಈ ಘಟಕದಲ್ಲಿ ಸಂಜೆ ಹನಿ ಸಣ್ಣದಾಯಿತೆಂದು ನಿರ್ವಾಹಕನು ಸಮಯ ಹೆಚ್ಚಿಸುತ್ತಿದ್ದನು. ಮರುದಿನ ಬೆಳಿಗ್ಗೆ ತುಂಬಿದ ಸಿರಿಂಜ್ ಹಾಕಿದಾಗ ಅದನ್ನು ಇಳಿಸುವವರಿರಲಿಲ್ಲ. ಬದಲಾವಣೆಯನ್ನು ಎಲ್ಲಿಯೂ ಬರೆದಿಡುವ ಪದ್ಧತಿಯೂ ಇರಲಿಲ್ಲ. ಮಿತಿಮೀರಿದ ಅಂಟು ಎಲ್‌ಇಡಿಯ ಮೇಲೆ ಹರಿದು ಬೆಳಕಿಗೆ ಅಡ್ಡಬರುತ್ತಿತ್ತು.

ಉದಾಹರಣೆಗಾಗಿ ಒಂದು ಲೆಕ್ಕ ನೋಡೋಣ. ಬೋರ್ಡೊಂದಕ್ಕೆ 36 ಹನಿ, ದಿನಕ್ಕೆ 1,000 ಬೋರ್ಡ್. ಹನಿಯೊಂದಕ್ಕೆ ಅರ್ಧ ಮಿಲಿಗ್ರಾಂ ಹೆಚ್ಚಾದರೆ ದಿನಕ್ಕೆ 18 ಗ್ರಾಂ, 25 ದಿನಕ್ಕೆ 450 ಗ್ರಾಂ. ಕಿಲೋಗೆ ರೂ. 8,000ದಂತೆ ತಿಂಗಳಿಗೆ ರೂ. 3,600 ನಷ್ಟ. ಇದು ಸಹಿಸಬಹುದಾದ ಮೊತ್ತವೇ. ಆದರೆ ನೂರಕ್ಕೆ ಒಂದು ಬೋರ್ಡ್ ತಿರಸ್ಕೃತವಾದರೂ, ಬೋರ್ಡಿಗೆ ರೂ. 150 ವೆಚ್ಚವೆಂದರೆ, ತಿಂಗಳಿಗೆ ರೂ. 37,500 ಹೋಗುತ್ತದೆ. ಅಂಟಿನ ದಾಸ್ತಾನು ಪುಸ್ತಕವು ಈ ದೊಡ್ಡ ಸೋರಿಕೆಯ ಸುಳಿವನ್ನು ಮೊದಲೇ ನೀಡುತ್ತದೆ, ನೋಡುವವರು ಬೇಕಷ್ಟೆ.

ಪರಿಹಾರವು ದುಬಾರಿಯಲ್ಲ. ಬೆಳಿಗ್ಗೆ, ಮಧ್ಯಾಹ್ನ ಹಾಗೂ ಸಿರಿಂಜ್ ಬದಲಿಸಿದಾಗಲೆಲ್ಲ 100 ಹನಿಗಳನ್ನು ಒಂದು ಹಾಳೆಯ ಮೇಲೆ ಹಾಕಿಸಿ, ಸೂಕ್ಷ್ಮ ತಕ್ಕಡಿಯಲ್ಲಿ ತೂಗಿ, ನೂರರಿಂದ ಭಾಗಿಸಿದರೆ ಸರಾಸರಿ ಹನಿಯ ತೂಕ ದೊರೆಯುತ್ತದೆ. ಅದಕ್ಕನುಗುಣವಾಗಿ ಸಮಯ ಬದಲಿಸಿ, ಹಳೆಯ ಅಂಕಿ, ಹೊಸ ಅಂಕಿ, ಬದಲಿಸಿದವರ ಸಹಿಯನ್ನು ಪುಸ್ತಕದಲ್ಲಿ ನಮೂದಿಸಬೇಕು. ಸ್ಕ್ರೂ ಅಥವಾ ಪಿಸ್ಟನ್‌ನಿಂದ ಅಳೆದು ಬಿಡುವ ಕವಾಟಗಳಲ್ಲಿ ಈ ಏರಿಳಿತ ಕಡಿಮೆ. ಬೆಲೆ ಮಾತ್ರ ಹೆಚ್ಚು.

ತೆರಿಗೆಯ ಒಂದು ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಅವಧಿ ಮೀರಿದ ಅಂಟನ್ನು ನಾಶಪಡಿಸಿದರೆ ಅಥವಾ ಲೆಕ್ಕದಿಂದ ತೆಗೆದುಹಾಕಿದರೆ, ಸಿಜಿಎಸ್‌ಟಿ ಕಾಯಿದೆಯ ಕಲಂ 17(5)(ಎಚ್) ಪ್ರಕಾರ ಅದರ ಮೇಲಿನ ಇನ್‌ಪುಟ್ ತೆರಿಗೆ ಜಮೆ ದೊರೆಯುವುದಿಲ್ಲ, ಪಡೆದಿದ್ದರೆ ಹಿಂತಿರುಗಿಸಬೇಕು. ಅಗ್ಗವೆಂದು ವರ್ಷದ ಅಂಟನ್ನು ಒಮ್ಮೆಲೇ ಕೊಳ್ಳುವವರು ಇದನ್ನು ಮರೆಯುತ್ತಾರೆ.

ಯಂತ್ರದ ಖರೀದಿ ಆದೇಶದಲ್ಲಿಯೇ ಪ್ರೋಗ್ರಾಮಿನ ಪ್ರತಿ, ಪಾಸ್‌ವರ್ಡ್ ಮತ್ತು ಕನಿಷ್ಠ ಇಬ್ಬರಿಗೆ ತರಬೇತಿ ಎಂದು ಬರೆಯಿಸಿಕೊಳ್ಳಿರಿ. ಮೇಲಿನ ಘಟಕದಲ್ಲಿ ನಿರ್ವಾಹಕನು ಕೆಲಸ ಬಿಟ್ಟಾಗ ಪಾಸ್‌ವರ್ಡ್ ಯಾರಿಗೂ ತಿಳಿಯದೆ, ಯಂತ್ರವು ನಾಲ್ಕು ದಿನ ನಿಂತಿತ್ತು.